ಜೋಲಿಗಳ ಕಣಿವೆ

ಎಲ್ ಸಾಲ್ವಡಾರ್ ದೇಶದ ರಾಜಧಾನಿ ಸ್ಯಾನ್ ಸಾಲ್ವಡಾರ್ ಇರುವ ತಗ್ಗಿಗೆ ‘ಜೋಲಿಗಳ ಕಣಿವೆ’ ಎಂಬ ಹಳೆಯ ಹೆಸರಿದೆ. ಹಗ್ಗದ ಜೋಲಿ ತೂಗಿದಂತೆ ಅಲ್ಲಿ ನೆಲ ತೂಗುತ್ತದೆ.

ಮಧ್ಯ ಅಮೆರಿಕದ ಏಳು ದೇಶಗಳಲ್ಲಿ ಎಲ್ ಸಾಲ್ವಡಾರೇ ಅತಿ ಚಿಕ್ಕದು. ವಿಸ್ತೀರ್ಣ ಸುಮಾರು 21 ಸಾವಿರ ಚದರ ಕಿ.ಮೀ. ಕೆರಿಬಿಯನ್ ತೀರವಿಲ್ಲದ್ದೂ ಇದೊಂದೇ. ಇದಕ್ಕಿರುವುದು ದಕ್ಷಿಣದ ಪೆಸಿಫಿಕ್ ಮಾತ್ರ. ಆ ಕಡಲಿನ ತಳದಲ್ಲಿ ಕೋಕೋಸ್ ಭೂಫಲಕ ಕೆರಿಬಿಯನ್ ಫಲಕದ ಅಡಿಗೆ ಜಾರುತ್ತಿದೆ. ಜಾರುವಾಗ ಅದು ಹೊತ್ತೊಯ್ದ ನೀರು ಆಳದ ಬಿಸಿಬಂಡೆಯನ್ನು ಕರಗಿಸುತ್ತದೆ. ಕರಗಿದ್ದು ಮೇಲೆ ಬಂದು ಬೆಟ್ಟವಾಗುತ್ತದೆ. ಕರಾವಳಿಗೆ ಸಮನಾಗಿ ಸಾಲುಗಟ್ಟಿದ ಜ್ವಾಲಾಮುಖಿಗಳೆಲ್ಲ ಹೀಗೆ ಎದ್ದವು. ಇಸಾಲ್ಕೊ ಎದ್ದದ್ದಂತೂ 1770ರಲ್ಲಿ, ಮೊನ್ನೆ ಮೊನ್ನೆ ಎನ್ನಬೇಕು. 1950ರ ದಶಕದವರೆಗೂ ಮತ್ತೆ ಮತ್ತೆ ಉಗುಳುತ್ತಲೇ ಇದ್ದ ಅದರ ಬೆಂಕಿ ನೋಡಿ ನಾವಿಕರು ಅದನ್ನು ‘ಪೆಸಿಫಿಕ್‌ನ ದೀಪಸ್ತಂಭ’ ಎಂದು ಕರೆದರು. ಈ ದೇಶದ ನೆಲ ಇನ್ನೂ ಹಸಿಯಾಗಿದೆ ಎಂದು ನನಗನ್ನಿಸುವುದು ಇಂಥ ಬೆಟ್ಟದ ವಯಸ್ಸು ಎಣಿಸುವಾಗ.

ರಾಜಧಾನಿಯ ಪೂರ್ವಕ್ಕೆ ಇಲೊಪಾಂಗೊ ಸರೋವರವಿದೆ. ಅದು ನಿಂತಿರುವುದು ಜ್ವಾಲಾಮುಖಿಯೊಂದು ಕುಸಿದುಂಟಾದ ಕುಳಿಯಲ್ಲಿ. ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ ಆ ಜ್ವಾಲಾಮುಖಿ ಸಿಡಿದಾಗ ಬಿದ್ದ ಬೂದಿಯ ಪದರಕ್ಕೆ ಜನ ‘ಬಿಳಿ ಮಣ್ಣು’ ಎನ್ನುತ್ತಾರೆ. ನಗರದ ಬಹುಭಾಗ ನಿಂತಿರುವುದು ಅದರ ಮೇಲೇ. ಒಣಗಿದ್ದಾಗ ಈ ಮಣ್ಣು ಕಡಿದಿಟ್ಟ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಮಳೆಗೆ ನೆನೆದರೆ, ಭೂಮಿ ನಡುಗಿದರೆ, ಮನೆಗಳ ಸಮೇತ ಕುಸಿಯುತ್ತದೆ.

1854ರ ಭೂಕಂಪದಲ್ಲಿ ರಾಜಧಾನಿ ನೆಲಸಮವಾಯಿತು. ಇನ್ನು ಇಲ್ಲಿ ಬೇಡವೆಂದು ಆಳುವವರು ಪಶ್ಚಿಮಕ್ಕೆ ಸರಿದು ಹೊಸ ಊರು ಕಟ್ಟಿಸಿದರು. ಅದೇ ಇಂದಿನ ಸಾಂತಾ ತೆಕ್ಲಾ. ಆದರೆ ಕೆಲವೇ ವರ್ಷಗಳಲ್ಲಿ ರಾಜಧಾನಿ ಹಳೆಯ ಕಣಿವೆಗೇ ಮರಳಿತು. 2001ರ ಜನವರಿ 13ರಂದು ಭೂಮಿ ಮತ್ತೆ ನಡುಗಿದಾಗ ಅತಿ ಹೆಚ್ಚು ಸಾವು ಕಂಡದ್ದು, ಭೂಕಂಪಕ್ಕೆ ಹೆದರಿ ಕಟ್ಟಿದ ಆ ಸಾಂತಾ ತೆಕ್ಲಾ. ಬಾಲ್ಸಮೊ ಬೆಟ್ಟದಂಚು ಜಾರಿ ಲಾಸ್ ಕೊಲಿನಾಸ್ ಬಡಾವಣೆಯ ಮೇಲೆ ಬಿತ್ತು. ಐನೂರಕ್ಕೂ ಹೆಚ್ಚು ಜನ ಮಣ್ಣಿನಡಿ ಉಳಿದರು. ತಿಂಗಳು ತುಂಬುವಷ್ಟರಲ್ಲಿ, ಫೆಬ್ರುವರಿ 13ರಂದು, ಮತ್ತೊಂದು ಕಂಪನ.

ಹಾಗಾದರೆ ಹೋಗುವುದೆಲ್ಲಿಗೆ? ಬೂದಿ ಮಾಗಿ ಆದ ಫಲವತ್ತಾದ ಮಣ್ಣು ಇರುವುದೂ ಈ ಜ್ವಾಲಾಮುಖಿಗಳ ಸುತ್ತಲೇ. ಕಾಫಿ ಬೆಳೆಯುವುದು ಅವುಗಳ ಇಳಿಜಾರಿನಲ್ಲಿ. ಅವಾಚಪಾನ್ ಮತ್ತು ಬರ್ಲಿನ್ ಎಂಬ ಇಲ್ಲಿನ ಊರುಗಳಲ್ಲಿ ನೆಲದ ಹಬೆಯಿಂದಲೇ ವಿದ್ಯುತ್ ತೆಗೆಯುತ್ತಾರೆ.

ಈ ಮಣ್ಣನ್ನು ನೆಚ್ಚಿ ಬಾಳಿದವರು ಇಂದಿನವರಷ್ಟೇ ಅಲ್ಲ. 1976ರಲ್ಲಿ ರಾಜಧಾನಿಯ ವಾಯವ್ಯಕ್ಕೆ, ಧಾನ್ಯದ ಉಗ್ರಾಣಕ್ಕೆಂದು ನೆಲ ಸಮಮಾಡುತ್ತಿದ್ದ ಬುಲ್ಡೋಜರ್‌ಗೆ ಮಣ್ಣಿನ ಮನೆಯೊಂದು ಸಿಕ್ಕಿತು. ಅದು ಹೋಯಾ ದೆ ಸೆರೆನ್; ಸುಮಾರು ಸಾವಿರದ ನಾನೂರು ವರ್ಷಗಳ ಹಿಂದೆ, ಹತ್ತಿರದ ಲೋಮಾ ಕಾಲ್ಡೆರಾ ಬಾಯ್ದೆರೆದಾಗ ಬೂದಿಯಡಿ ಹೂತ ಹಳ್ಳಿ. ಜನರ ಶವಗಳು ಅಲ್ಲಿ ಸಿಕ್ಕಿಲ್ಲ, ಬಹುಶಃ ಓಡಿ ಪಾರಾದರು. ಬಿತ್ತಿದ ಹೊಲದ ಸಾಲುಗಳು ಹಾಗೇ ಇದ್ದವು, ಮರಗೆಣಸಿನ ಗದ್ದೆಯ ಗುರುತೂ ಇತ್ತು. ಗಡಿಗೆಗಳಲ್ಲಿ ಕಾಳು ಉಳಿದಿತ್ತು. ಉಣ್ಣುತ್ತಿದ್ದ ಬಟ್ಟಲಿನ ಒಳಗೆ, ಬಳಿದ ಬೆರಳ ಗೆರೆಗಳು.