ಲೋಹದ ಮೇಲೆ ಸೆಲ್ಯುಲೋಸ್ ಬಣ್ಣ

ಸೆಲ್ಯುಲೋಸ್ ಬಣ್ಣ ಒಣಗುವುದೆಂದರೆ ಅದರಲ್ಲಿರುವ ದ್ರಾವಕ ಗಾಳಿಗೆ ಹಾರಿಹೋಗುವುದು, ಅಷ್ಟೇ. ಎನಾಮಲ್ ಬಣ್ಣದ ಎಣ್ಣೆಯಂಶ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಎರಡು ಡಬ್ಬಿಗಳ ಪಿ.ಯು. (ಪಾಲಿಯುರೆಥೇನ್) ಬಣ್ಣದಲ್ಲಿ ಹಾರ್ಡನರ್ ಬೆರೆತು ಬೇರೆಯೇ ಒಂದು ವಸ್ತು ಉಂಟಾಗುತ್ತದೆ. ಸೆಲ್ಯುಲೋಸ್‌ನಲ್ಲಿ ಇಂಥ ಯಾವ ಮಾರ್ಪಾಡೂ ಇಲ್ಲ. ಒಣಗಿ ವರ್ಷಗಳಾದ ಪದರಕ್ಕೂ ಥಿನ್ನರ್ ತಾಗಿಸಿದರೆ ಅದು ಮತ್ತೆ ಕರಗುತ್ತದೆ. ಈ ಬಣ್ಣದ ಒಳ್ಳೆಯ ಗುಣಗಳೂ ದೋಷಗಳೂ ಇದೊಂದರಿಂದಲೇ ಬಂದವು. ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಎಂಬುದನ್ನೂ ಇದರಿಂದಲೇ ತಿಳಿಯಬಹುದು.

ಬಣ್ಣದ ಮೂಲವಸ್ತು ನೈಟ್ರೋಸೆಲ್ಯುಲೋಸ್. ಹತ್ತಿ ಅಥವಾ ಮರದ ನಾರನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಸಂಸ್ಕರಿಸಿದರೆ ಇದು ದೊರೆಯುತ್ತದೆ. 1840ರ ದಶಕದ ನಡುವಿನಲ್ಲಿ ಬಾಸೆಲ್‌ನ ರಸಾಯನಶಾಸ್ತ್ರಜ್ಞ ಕ್ರಿಶ್ಚಿಯನ್ ಶೋನ್‌ಬೈನ್ ಇದನ್ನು ಕಂಡುಕೊಂಡಾಗ ಜಗತ್ತು ಅದನ್ನು ಸಿಡಿಮದ್ದಾಗಿ ನೋಡಿತು. ಸಾರಜನಕದ ಪ್ರಮಾಣ ಶೇ. 13ರ ಆಸುಪಾಸಿನಲ್ಲಿದ್ದರೆ ಅದು ಗನ್‌ಕಾಟನ್, ಶೇ. 12ರ ಸುಮಾರಿಗೆ ಇಳಿಸಿದರೆ ಬಣ್ಣಕ್ಕೆ ಒದಗುವ ವಸ್ತು. ಇದನ್ನು ಕರಗಿಸಿದ ದ್ರಾವಣ ಬಹಳ ಮಂದವಾಗಿರುತ್ತಿದ್ದುದು ಮೊದಲಿನ ತೊಡಕು. ಸಿಂಪಡಿಸುವಷ್ಟು ತೆಳುವಾಗಿಸಿದರೆ ತಗಡಿನ ಮೇಲೆ ಉಳಿಯುವ ಪದರ ಏನೇನೂ ಸಾಲುತ್ತಿರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಡ್ಯೂಪಾಂಟ್ ಕಂಪನಿ ಮಂದತೆ ಕಡಿಮೆ ಇರುವ ನೈಟ್ರೋಸೆಲ್ಯುಲೋಸ್ ತಯಾರಿಸಿ ಈ ತೊಡಕನ್ನು ಬಿಡಿಸಿತು. ಆ ಬಣ್ಣಕ್ಕೆ ಡ್ಯೂಕೋ ಎಂದು ಹೆಸರಿಟ್ಟರು. ಜನರಲ್ ಮೋಟರ್ಸ್ ತನ್ನ 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಅದನ್ನು ಬಳಿಯಿತು. ಅದುವರೆಗೆ ಎಣ್ಣೆ ಬಣ್ಣ ಮತ್ತು ವಾರ್ನಿಷ್ ಪದರಗಳು ಒಣಗಲು ವಾರಗಳು ಹಿಡಿಯುತ್ತಿದ್ದವು. ಈಗ ಆ ಕೆಲಸ ಕೆಲವೇ ದಿನಗಳಿಗೆ, ಆಮೇಲೆ ಗಂಟೆಗಳಿಗೆ ಇಳಿಯಿತು. ಕಾರುಗಳು ಕಪ್ಪು ಬಿಟ್ಟು ಬೇರೆ ಬಣ್ಣಗಳಲ್ಲೂ ಹೇರಳವಾಗಿ ಬರತೊಡಗಿದ್ದರ ಹಿಂದೆ ಈ ಬದಲಾವಣೆಯ ಪಾಲು ದೊಡ್ಡದು. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಡ್ಯೂಕೋ ಎಂಬ ಮಾತು ಚಾಲ್ತಿಯಲ್ಲಿದೆ. ಅಂಗಡಿಯ ಡಬ್ಬಿಯ ಮೇಲೆ ಎನ್.ಸಿ., ಅಂದರೆ ನೈಟ್ರೋಸೆಲ್ಯುಲೋಸ್, ಎಂದಿರುತ್ತದೆ.

ಡಬ್ಬಿಯಲ್ಲಿರುವುದು ನೈಟ್ರೋಸೆಲ್ಯುಲೋಸ್ ಒಂದೇ ಅಲ್ಲ. ಅದೊಂದನ್ನೇ ಬಳಿದರೆ ಪದರ ಪೆಡಸಾಗಿ ಬಿರಿಯುತ್ತದೆ. ಬಾಗುವ ಗುಣ ಬರಲೆಂದು ಪ್ಲಾಸ್ಟಿಸೈಜರ್, ಹೊಳಪಿಗೂ ಹಿಡಿತಕ್ಕೂ ರಾಳ, ಬಣ್ಣಕ್ಕೆ ವರ್ಣದ ಪುಡಿ ಸೇರಿರುತ್ತವೆ. ಇವೆಲ್ಲವನ್ನೂ ಹೊತ್ತು ತರುವುದು ಬ್ಯುಟೈಲ್ ಅಸಿಟೇಟ್, ಟಾಲ್ವಿನ್, ಆಲ್ಕೊಹಾಲ್ ಮುಂತಾದವುಗಳ ಮಿಶ್ರಣ. ಥಿನ್ನರ್ ಬೆರೆಸಿ ಸ್ಪ್ರೇ ಗನ್ನಿಗೆ ತುಂಬುವ ಹೊತ್ತಿಗೆ ಅದರಲ್ಲಿ ಬಹುಪಾಲು ದ್ರಾವಕವೇ ಇರುತ್ತದೆ. ಇಷ್ಟು ದ್ರಾವಕ ಗಾಳಿಗೆ ಸೇರುವುದು ಒಳ್ಳೆಯದಲ್ಲ. ಆದ್ದರಿಂದಲೇ ಯುರೋಪಿಯನ್ ಒಕ್ಕೂಟ 2007ರಿಂದ ವಾಹನಗಳ ಮರುಬಣ್ಣಕ್ಕೆ ಇಂಥ ಬಣ್ಣಗಳನ್ನು ನಿರ್ಬಂಧಿಸಿದೆ. ಹಳೆಯ ಚಾರಿತ್ರಿಕ ವಾಹನಗಳಿಗೆ ಮಾತ್ರ ವಿನಾಯಿತಿಯ ಅವಕಾಶ ಉಳಿಸಿಕೊಂಡಿದೆ.

ಹಾಗಾದರೆ ಇದನ್ನು ಆರಿಸಿಕೊಳ್ಳುವುದು ಯಾವಾಗ? ಹಳೆಯ ಕಾರು, ಸ್ಕೂಟರುಗಳನ್ನು ಮೊದಲಿನ ಮೆರುಗಿಗೆ ತರುವಾಗ, ಸ್ಟೀಲ್ ಬೀರು, ಹೊಲಿಗೆ ಯಂತ್ರ, ಮನೆಯೊಳಗಿನ ಉಪಕರಣಗಳಿಗೆ, ತಗಡಿನ ಒಂದು ಭಾಗವನ್ನಷ್ಟೇ ರಿಪೇರಿ ಮಾಡುವಾಗ ಇದಕ್ಕೆ ಸರಿಸಾಟಿ ಕಡಿಮೆ. ಹೊಸ ಕೋಟು ಹಳೆಯದನ್ನು ತುಸು ಕರಗಿಸಿ ಅದರೊಳಗೆ ಬೆರೆಯುವುದರಿಂದ ತೇಪೆಯ ಅಂಚು ಕಾಣದು. ಬಣ್ಣ ಇಳಿದಿದ್ದರೆ, ಧೂಳು ಕೂತಿದ್ದರೆ ಉಜ್ಜಿ ಮತ್ತೆ ಹೊಡೆಯಬಹುದು. ಬಿಸಿಲು ಮಳೆಗೆ ಒಡ್ಡಿಕೊಂಡ ಗೇಟು, ಕಿಟಕಿ ಸರಳು, ನೀರಿನ ಕೊಳವೆಗಳಿಗೆ ಮಾತ್ರ ಇದನ್ನು ಬಳಿಯುವುದು ದುಡ್ಡು ದಂಡ. ತೆಳು ಪದರ ಬಿಸಿಲಿಗೆ ಹಳದಿಯಾಗಿ, ಕ್ರಮೇಣ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅಲ್ಲಿಗೆ ಎನಾಮಲ್ಲೇ ತಕ್ಕದ್ದು. ಪೆಟ್ರೋಲ್ ಟ್ಯಾಂಕಿನ ವಿಷಯದಲ್ಲೂ ಎಚ್ಚರ ಬೇಕು. ಈಗ ಬಂಕುಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್ ಮುಚ್ಚಳದ ಸುತ್ತ ಚೆಲ್ಲಿದರೆ ಸೆಲ್ಯುಲೋಸ್ ಪದರ ಮೆತ್ತಗಾಗಬಹುದು.

ಹಳೆಯ ಬಣ್ಣದ ಮೇಲೆಯೇ ಹೊಡೆಯುವುದಾದರೆ ಮೊದಲು ಒಂದು ಪರೀಕ್ಷೆ ಆಗಲೇಬೇಕು. ಕಣ್ಣಿಗೆ ಬೀಳದ ಮೂಲೆಯಲ್ಲಿ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡುವುದು. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಸೆಲ್ಯುಲೋಸ್ ಅಥವಾ ಅದರ ಬಳಗದ ಲ್ಯಾಕರ್, ಮುಂದುವರಿಯಲು ಅಡ್ಡಿಯಿಲ್ಲ. ಸುಕ್ಕುಗಟ್ಟಿ ಮೇಲೆದ್ದರೆ ಎನಾಮಲ್ ಎಂದರ್ಥ. ಅದರ ಮೇಲೆ ಸೆಲ್ಯುಲೋಸ್ ಹೊಡೆದರೆ ಥಿನ್ನರಿನ ತೀಕ್ಷ್ಣತೆಗೆ ಕೆಳಗಿನ ಪದರವೆಲ್ಲ ಉಬ್ಬಿ ಕೆಲಸ ಕೆಡುತ್ತದೆ. ಅಂಥ ಕಡೆ ಹಳೆಯದನ್ನು ತಗಡಿನವರೆಗೂ ತೆಗೆಯುವುದೇ ಸರಿ. ಏನೂ ಆಗದಿದ್ದರೆ ಅದು ಪಿ.ಯು. ಅಥವಾ ಕುಲುಮೆಯಲ್ಲಿ ಬೇಯಿಸಿದ ಬಣ್ಣ. ಚೆನ್ನಾಗಿ ಉಜ್ಜಿ ಒರಟಾಗಿಸಿ ಮೇಲೆ ಹೊಡೆಯಬಹುದು.

ಲೋಹದ ತಯಾರಿಯಲ್ಲಿ ಕ್ರಮ ಮುಖ್ಯ. ಉಜ್ಜುವ ಮೊದಲೇ ಜಿಡ್ಡು ತೆಗೆಯಬೇಕು. ಇಲ್ಲದಿದ್ದರೆ ಉಜ್ಜುಕಾಗದ ಜಿಡ್ಡನ್ನು ಗೀರುಗಳೊಳಗೆ ತುಂಬುತ್ತದೆ. ಸೀಮೆಎಣ್ಣೆ, ಡೀಸೆಲ್ಲಿನಿಂದ ಒರೆಸಿ ಬಿಡುವ ರೂಢಿ ಕೆಟ್ಟದ್ದು, ಏಕೆಂದರೆ ಅವು ತಾವೇ ಎಣ್ಣೆಯ ಪೊರೆ ಉಳಿಸುತ್ತವೆ. ಸಿಲಿಕೋನ್ ಇರುವ ಪಾಲಿಷಿನ ಲೇಶ ಉಳಿದರೂ ಬಣ್ಣ ಅಲ್ಲಲ್ಲಿ ಸರಿದು ಗುಂಡಗಿನ ಗುಳಿಗಳಾಗುತ್ತವೆ. ತುಕ್ಕನ್ನು ಕೆರೆದು, ಗುಳಿಗಳಲ್ಲಿ ಉಳಿದದ್ದನ್ನು ಫಾಸ್ಫಾರಿಕ್ ಆಮ್ಲವಿರುವ ದ್ರಾವಣದಿಂದ ತೊಳೆದು, ನೀರಿನಿಂದ ಜಾಲಿಸಿ, ಕೂಡಲೇ ಪೂರ್ತಿ ಒಣಗಿಸಬೇಕು. ಶುಚಿಯಾದ ತಗಡನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆವರಿನ ಉಪ್ಪು ಸಾಕು, ಬಣ್ಣದಡಿಯಲ್ಲಿ ಬೆರಳಿನ ಗುರುತಿನಷ್ಟೇ ತುಕ್ಕು ಏಳಲು.

ಪ್ರೈಮರುಗಳಲ್ಲಿ ಮೊದಲನೆಯದು ಎಚ್ (etch) ಪ್ರೈಮರ್. ಪಾಲಿವಿನೈಲ್ ಬ್ಯುಟೈರಾಲ್ ಎಂಬ ರಾಳ, ಫಾಸ್ಫಾರಿಕ್ ಆಮ್ಲ ಇದರಲ್ಲಿರುತ್ತವೆ. ಆಮ್ಲ ಲೋಹದ ಮೈಯನ್ನು ತುಸುವೇ ಕಚ್ಚಿ ಹಿಡಿತ ಕೊಡುತ್ತದೆ. ಅಲ್ಯೂಮಿನಿಯಂ, ಸತುವಿನ ಲೇಪವಿರುವ ತಗಡು ಬೇರೆ ಪ್ರೈಮರುಗಳನ್ನು ಸುಲಭಕ್ಕೆ ಹಿಡಿದುಕೊಳ್ಳುವುದಿಲ್ಲ. ಅಲ್ಲಿ ಇದು ಬೇಕೇ ಬೇಕು. ಪದರ ಸುಮಾರು 10 ಮೈಕ್ರಾನ್ ಇದ್ದರೆ ಸಾಕು, ದಪ್ಪವಾದರೆ ಹಿಡಿತ ಕಡಿಮೆಯಾಗುತ್ತದೆ. ಇದರ ಮೇಲೆ ನೇರವಾಗಿ ಪಾಲಿಯೆಸ್ಟರ್ ಪುಟ್ಟಿ ಹಾಕಬಾರದು, ಆಮ್ಲ ಅದನ್ನು ಗಟ್ಟಿಯಾಗಲು ಬಿಡದು. ಹಳೆಯ ಡಬ್ಬಿಗಳಲ್ಲಿ ಜಿಂಕ್ ಕ್ರೋಮೇಟ್ ಇರುತ್ತಿತ್ತು. ತುಕ್ಕು ತಡೆಯುವುದರಲ್ಲಿ ಅದು ಗಟ್ಟಿಗ, ಆದರೆ ಕ್ಯಾನ್ಸರ್‌ಕಾರಕ. ಜಿಂಕ್ ಫಾಸ್ಫೇಟ್ ಇರುವುದನ್ನು ಕೇಳಿ ಪಡೆಯುವುದು ಒಳಿತು.

ಎರಡನೆಯದು ಸರ್ಫೇಸರ್. ಪುಡಿ ಹೆಚ್ಚಿರುವ ಈ ದಪ್ಪ ಪ್ರೈಮರ್ ಗೀರುಗಳನ್ನು ತುಂಬಿ ಉಜ್ಜಲು ಸಮತಲ ಒದಗಿಸುತ್ತದೆ. ರೆಡ್ ಆಕ್ಸೈಡ್ ಪ್ರೈಮರ್ ಕೊಳ್ಳುವಾಗ ಅದು ಎನಾಮಲ್ ಜಾತಿಯದೋ ಎನ್.ಸಿ. ಜಾತಿಯದೋ ಎಂದು ಡಬ್ಬಿಯಲ್ಲಿ ಓದಬೇಕು. ಬಣ್ಣ ಒಂದೇ, ವರ್ತನೆ ಬೇರೆ. ಎನ್.ಸಿ. ಪುಟ್ಟಿ ಸಣ್ಣ ಗೀರಿಗೆ ಮಾತ್ರ. ದಪ್ಪಗೆ ಮೆತ್ತಿದರೆ ಮೇಲ್ಮೈ ಒಣಗಿ ಒಳಗಿನ ದ್ರಾವಕ ಸಿಕ್ಕಿಕೊಳ್ಳುತ್ತದೆ. ತಿಂಗಳ ನಂತರ ಆ ಜಾಗ ಕುಸಿದು ಕಾಣುತ್ತದೆ. ಹೊಂಡಗಳಿಗೆ ಪಾಲಿಯೆಸ್ಟರ್ ಪುಟ್ಟಿಯೇ ಬೇಕು. ಸರ್ಫೇಸರ್ ಮೇಲೆ ಬೇರೆ ಬಣ್ಣವನ್ನು ಮಂಜಿನಂತೆ ಸಿಂಪಡಿಸಿ 600ರ ವಾಟರ್ ಪೇಪರಿನಿಂದ ಉಜ್ಜಿದರೆ ತಗ್ಗುಗಳಲ್ಲಿ ಆ ಬಣ್ಣ ಉಳಿದು ದೋಷ ತಾನೇ ಗೋಚರಿಸುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಪ್ರೈಮರ್ ನೀರು ತಡೆಯುವ ಪದರವಲ್ಲ. ಪ್ರೈಮರ್ ಹೊಡೆದ ತಗಡನ್ನು ಮಳೆಯಲ್ಲಿ ಬಿಟ್ಟರೆ ಅದು ತೇವ ಹೀರಿ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಎಷ್ಟೋ ಒಳ್ಳೆಯ ಕೆಲಸಗಳು ಕೆಡುವುದು ಇಲ್ಲಿಯೇ.

ಬಣ್ಣಕ್ಕೆ ಸಾಮಾನ್ಯವಾಗಿ ಸಮಪಾಲು ಥಿನ್ನರ್ ಬೆರೆಸುತ್ತಾರೆ. ಅಗ್ಗದ ಥಿನ್ನರ್ ಉಪಕರಣ ತೊಳೆಯಲಿಕ್ಕಷ್ಟೇ ಲಾಯಕ್ಕು. ಕುಂಚದಲ್ಲಿ ಬಳಿದರೆ ಪ್ರತಿ ಎಳೆತವೂ ಕೆಳಗಿನದನ್ನು ಕರಗಿಸಿ ಎಳೆಯುವುದರಿಂದ ಸ್ಪ್ರೇ ಗನ್ನೇ ಬೇಕು. 15ರಿಂದ 20 ಸೆಂಟಿಮೀಟರ್ ದೂರ, ಪ್ರತಿ ಪಟ್ಟೆಯೂ ಹಿಂದಿನದರ ಅರ್ಧ ಮುಚ್ಚುವಂತೆ, ಕೈ ಒಂದೇ ವೇಗದಲ್ಲಿ. ಒಂದು ಕೋಟಿನಲ್ಲಿ ಉಳಿಯುವುದು ಕೆಲವೇ ಮೈಕ್ರಾನ್ ಆದ್ದರಿಂದ ನಾಲ್ಕರಿಂದ ಆರು ಕೋಟು ಬೇಕಾಗುತ್ತದೆ. ಕೋಟುಗಳ ನಡುವೆ 10–15 ನಿಮಿಷ ಬಿಡುವು ಸಾಕು.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಗಳಲ್ಲಿ ಈ ಬಣ್ಣ ಬೆಳ್ಳಗೆ ಮಸುಕಾಗುವುದು ಮಾಮೂಲು. ದ್ರಾವಕ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ನಿಧಾನವಾಗಿ ಆರುವ ಥಿನ್ನರ್, ಅಂದರೆ ರಿಟಾರ್ಡರ್, ಸ್ವಲ್ಪ ಬೆರೆಸಿದರೆ ಇದನ್ನು ತಡೆಯಬಹುದು. ಆಗಲೇ ಮಸುಕಾಗಿದ್ದರೆ ಒಣ ದಿನ ನೋಡಿ ರಿಟಾರ್ಡರನ್ನೇ ತೆಳುವಾಗಿ ಸಿಂಪಡಿಸಿದರೆ ಪದರ ಮತ್ತೆ ಕರಗಿ ತಿಳಿಯಾಗುತ್ತದೆ. ಜಡಿಮಳೆಯ ದಿನ ಕೆಲಸ ನಿಲ್ಲಿಸುವುದೇ ಮೇಲು. ಕಂಪ್ರೆಸರಿನ ಗಾಳಿಯಿಂದ ನೀರು ಬೇರ್ಪಡಿಸುವ ಫಿಲ್ಟರ್ ವರ್ಷವಿಡೀ ಬೇಕು.

ಗನ್ನಿನಿಂದ ಬಂದ ಹೊಳಪು ಮಂಕಾಗಿರುತ್ತದೆ. ಕೆಲವು ದಿನ ಒಣಗಲು ಬಿಟ್ಟು 1200, ಆಮೇಲೆ 1500ರ ವಾಟರ್ ಪೇಪರಿನಿಂದ ಸಾಬೂನು ನೀರಿನಲ್ಲಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ತಿಕ್ಕಿದಾಗ ನಿಜವಾದ ಮೆರುಗು ಬರುತ್ತದೆ. ಅಂಚುಗಳಲ್ಲಿ ಕೈ ಹಗುರವಿರಬೇಕು, ಬಣ್ಣ ಅಲ್ಲೇ ಮೊದಲು ಸವೆಯುವುದು. ಪದರ ವಾರಗಟ್ಟಲೆ ಕುಗ್ಗುತ್ತಲೇ ಇರುವುದರಿಂದ ಮೇಣದ ಪಾಲಿಷಿಗೆ ಅವಸರ ಬೇಡ.

ಪಿ.ಯು. ಹಾರ್ಡನರಿನಲ್ಲಿರುವ, ಉಬ್ಬಸ ತರಬಲ್ಲ ಐಸೋಸಯನೇಟ್ ಸೆಲ್ಯುಲೋಸ್ ಬಣ್ಣದಲ್ಲಿ ಇಲ್ಲವೆಂಬುದು ನಿಜ. ಹಾಗೆಂದು ಟಾಲ್ವಿನ್ ಆವಿ ನಿರಪಾಯವಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರ ಆವಿಯನ್ನು ತಡೆಯುವುದಿಲ್ಲ. ಸಕ್ರಿಯ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಆವಿ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಬೀಡಿ, ವೆಲ್ಡಿಂಗ್, ಸ್ವಿಚ್ಚಿನ ಕಿಡಿ ಯಾವುದೂ ಹತ್ತಿರವಿರಕೂಡದು. ಗೋಡೆ ನೆಲಕ್ಕೆ ಕೂತ ಒಣ ಬಣ್ಣದ ಪುಡಿ ಸಹ ಭಗ್ಗನೆ ಉರಿಯುವಂಥದ್ದು. ಅದನ್ನು ನೀರಿನಲ್ಲಿ ತೋಯಿಸಿ ಗುಡಿಸಬೇಕು, ಎನಾಮಲ್ ಬಣ್ಣದ ಕಸದೊಂದಿಗೆ ಬೆರೆಸಲೇಬಾರದು. ಎರಡೂ ಕೂಡಿದರೆ ತಾನಾಗಿ ಬಿಸಿಯೇರಿ ಬೆಂಕಿ ಹುಟ್ಟಬಹುದು. ಒರೆಸಿದ ಬಟ್ಟೆಗಳನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ಹಾಕಿಟ್ಟು, ಅಂದೇ ಕೆಲಸದ ಜಾಗದಿಂದ ಹೊರಗೆ ಸಾಗಿಸಬೇಕು.