ಪಟಾಕಿಗೆ ನಡುಗುವ ನಾಯಿ

ದೀಪಾವಳಿ ಬಂತೆಂದರೆ ಮಕ್ಕಳಿಗೆ ಸಂಭ್ರಮ, ಮನೆಯ ನಾಯಿಗೆ ಪ್ರಾಣಸಂಕಟ. ಮಂಚದ ಕೆಳಗೆ ನುಸುಳುವುದು, ಏದುಸಿರು, ಜೊಲ್ಲು, ಅನ್ನ ಮುಟ್ಟದಿರುವುದು, ಒಳಗೇ ಉಚ್ಚೆ ಹೊಯ್ಯುವುದು – ಇವೆಲ್ಲ ಹೆದರಿಕೆಯ ಗುರುತುಗಳು, ಹಟವಲ್ಲ. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ, ನಾಯಿಗೆ ಸುಮಾರು 45,000ದವರೆಗೆ. ಆ ಸದ್ದು ಯಾಕೆಂಬುದೂ ಪಾಪ, ಅದಕ್ಕೆ ತಿಳಿಯದು.

“ಮುದ್ದು ಮಾಡಿದ್ರೆ ಭಯ ಹೆಚ್ಚುತ್ತೆ ಕಣ್ರೀ” ಎನ್ನುವವರಿದ್ದಾರೆ. ನಂಬಬೇಡಿ. ಹತ್ತಿರ ಬಂದರೆ ಸಮಾಧಾನವಾಗಿ ಮೈ ಸವರಿ. ಭಯ ಹೆಚ್ಚುವುದು ಬಯ್ದು ಹೊಡೆದಾಗ.

ಹಬ್ಬದ ದಿನ ಕತ್ತಲಾಗುವ ಮೊದಲೇ ತಿರುಗಾಡಿಸಿ, ಊಟ ಹಾಕಿಬಿಡಿ. ಒಳಕೋಣೆಯಲ್ಲಿ ಹಳೇ ಕಂಬಳಿ, ನೀರು ಇಟ್ಟು, ಕಿಟಕಿ ಮುಚ್ಚಿ, ರೇಡಿಯೋ ಹಾಕಿ. ಅಂಗಳದಲ್ಲಿ ಕಟ್ಟಬೇಡಿ, ಗಾಬರಿಯಲ್ಲಿ ಸರಪಳಿ ಕುತ್ತಿಗೆಗೆ ಬಿಗಿದೀತು. ಗೇಟು ಭದ್ರವಿರಲಿ, ಕೊರಳಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರಿರಲಿ. ಅವಿತಲ್ಲಿಂದ ಎಳೆಯಬೇಡಿ, ಕಚ್ಚೀತು.

ಎರಡು ಮೂರು ತಿಂಗಳ ಮುಂಚೆಯೇ ಅಭ್ಯಾಸ ಮಾಡಿಸಿದರೆ ಇನ್ನೂ ಒಳ್ಳೆಯದು. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ತೀರ ಮೆಲ್ಲಗೆ ಹಾಕಿ, ಜೊತೆಗೇ ಇಷ್ಟದ ತಿಂಡಿ ಕೊಡಿ. ಹೆದರದಿದ್ದರೆ ಮಾತ್ರ ದಿನದಿನಕ್ಕೆ ತುಸು ಏರಿಸಿ. ಬೆದರಿದರೆ ಮತ್ತೆ ತಗ್ಗಿಸಿ. ಆತುರ ಬೇಡ.

ವಿಪರೀತ ನಡುಗುವ ನಾಯಿಯಾದರೆ ಹಬ್ಬಕ್ಕೆ ಮೊದಲೇ ಪಶುವೈದ್ಯರನ್ನು ಕಾಣಿ. ಭಯ ತಗ್ಗಿಸುವ ಔಷಧಿಗಳಿವೆ. ಧೈರ್ಯವಾಗಿದ್ದ ನಾಯಿ ವಯಸ್ಸಾದ ಮೇಲೆ ದಿಢೀರನೆ ಸದ್ದಿಗೆ ಬೆಚ್ಚತೊಡಗಿದರೆ ಎಲ್ಲೋ ನೋವಿರಲೂಬಹುದು, ಅದನ್ನೂ ತೋರಿಸಿ. ಮನೆಯವರ ನಿದ್ರೆಗುಳಿಗೆಯನ್ನಂತೂ ಕೊಡಲೇಬೇಡಿ.

ವರ್ಷವಿಡೀ ಮನೆ ಕಾಯುವ ಜೀವವನ್ನು ಹಬ್ಬದ ಮೂರು ದಿನ ನೀವು ಕಾಯಿರಿ.