ಸೂತ್ರದ ಗೊಂಬೆಯ ಎರಡನೆಯ ಸೂತ್ರಧಾರ

ಕಳೆದ ಮಳೆಗಾಲದ ಒಂದು ಸಂಜೆ ನಾವು ಯಡ್ತರೆಯ ಮನೆಯೊಂದರ ಚಾವಡಿಯಲ್ಲಿ ಕುಳಿತಿದ್ದೆವು. ಮನೆಯ ಮಕ್ಕಳು ರಟ್ಟನ್ನು ಕತ್ತರಿಸಿ ಭೀಮನನ್ನು ಮಾಡಿದ್ದರು. ಅಜ್ಜಿ ಅವನ ಕಿರೀಟಕ್ಕೆ ಬಣ್ಣದ ಕಾಗದ ಅಂಟಿಸಿಕೊಟ್ಟಿದ್ದರು. ಆದರೆ ಕೈಕಾಲುಗಳಿಗೆ ದಾರ ಕಟ್ಟಿ ಆಡಿಸಹೋದಾಗ ಭೀಮನು ನಡೆಯಲೊಲ್ಲನು. ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಗದೆ ಹಿಡಿದ ಕೈ ಕೆಳಗಿಳಿಯಲೇ ಇಲ್ಲ. ಕಿರಿಯ ಹುಡುಗಿ ಅಳುವುದೊಂದು ಬಾಕಿ. ಭೀಮನಲ್ಲಿದ್ದ ಕೊರತೆಯಾದರೂ ಏನು?

ಇದಕ್ಕೆ ಉತ್ತರ ಹೇಳಬಲ್ಲ ಊರು ದೂರವಿಲ್ಲ. ಯಡ್ತರೆಯಿಂದ ತೆಂಕಣಕ್ಕೆ, ಕುಂದಾಪುರದ ಬಳಿ, ಹೊಳೆಯ ನಡುವಿನ ಊರು ಉಪ್ಪಿನಕುದ್ರು. ಅಲ್ಲಿಯ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯು ಬಡಗುತಿಟ್ಟಿನ ಯಕ್ಷಗಾನವನ್ನು ಸೂತ್ರದ ಗೊಂಬೆಗಳಲ್ಲಿ ತೋರಿಸಿ ಹೆಸರಾದುದು. ಕೊಗ್ಗ ದೇವಣ್ಣ ಕಾಮತರಿಗೆ ಈ ಕಲೆಗಾಗಿ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಅದನ್ನು ಮುಂದುವರಿಸಿದರು. ಸುಮಾರು ಒಂದೂವರೆ ಅಡಿಯ ಮರದ ಗೊಂಬೆಗಳು ಭಾಗವತರ ಪದಕ್ಕೂ ಚೆಂಡೆಯ ಪೆಟ್ಟಿಗೂ ಹೆಜ್ಜೆ ಹಾಕುವುದನ್ನು ಕಂಡವರು, ಅವು ಮರದವೆಂಬುದನ್ನೇ ಮರೆಯುವರು.

ಇದರ ಗುಟ್ಟು ಭೌತಶಾಸ್ತ್ರದ ಒಂದು ಸರಳ ಸತ್ಯ. ದಾರವು ಎಳೆಯಬಲ್ಲದು, ತಳ್ಳಲಾರದು. ಆದುದರಿಂದ ಸೂತ್ರಧಾರನು ಗೊಂಬೆಯ ಕೈಯನ್ನು ಎತ್ತಬಲ್ಲನೇ ಹೊರತು ಇಳಿಸಲಾರನು. ಇಳಿಸುವ ಕೆಲಸ ಭೂಮಿಯ ಗುರುತ್ವಾಕರ್ಷಣೆಯದು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಅರ್ಧ ಕಲಾವಿದನದು, ಅರ್ಧ ಭೂಮಿಯದು.

'ಹಗುರವಾದುದೂ ಭಾರವಾದುದೂ ಒಂದೇ ವೇಗದಲ್ಲಿ ಬೀಳುವುವಲ್ಲವೇ?' ಎಂದು ವಾಚಕರು ಕೇಳಬಹುದು. ನಿರ್ವಾತದಲ್ಲಿ ಹೌದು. 1971ರಲ್ಲಿ ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಏಕಕಾಲಕ್ಕೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಚಾವಡಿಯಲ್ಲಿಯಾದರೋ ಗಾಳಿಯಿದೆ, ರಟ್ಟಿನ ಕೀಲುಗಳಲ್ಲಿ ಘರ್ಷಣೆಯಿದೆ. ಇವೆರಡನ್ನೂ ಗೆಲ್ಲುವಷ್ಟು ತೂಕ ನಮ್ಮ ಭೀಮನಿಗಿರಲಿಲ್ಲ.

ಕೀಲುಗಳನ್ನು ಸಡಿಲಿಸಿ, ಅಂಗೈ ಅಂಗಾಲುಗಳಿಗೆ ಒಂದೊಂದು ರೂಪಾಯಿಯ ನಾಣ್ಯ ಅಂಟಿಸಿದೆವು. ಭೀಮನು ನಡೆದನು! ಆದರೆ ಹುಡುಗರು ಆತುರದಿಂದ ಎಳೆದಾಡಿದೊಡನೆ ಅವನ ಹೆಜ್ಜೆ ತಪ್ಪಿತು. ತೂಗುವ ಕಾಲು ಒಂದು ಲೋಲಕ. ಅದಕ್ಕೆ ತನ್ನದೇ ಆದ ಗತಿಯಿದೆ. 25 ಸೆಂಟಿಮೀಟರ್ ಉದ್ದದ ಸರಳ ಲೋಲಕವು ಒಮ್ಮೆ ಹೋಗಿಬರಲು ಸುಮಾರು 1 ಸೆಕೆಂಡು ಹಿಡಿಯುತ್ತದೆ. 1 ಮೀಟರಿನದು ಸುಮಾರು 2 ಸೆಕೆಂಡು. ಉದ್ದ ನಾಲ್ಮಡಿಯಾದರೆ ಅವಧಿ ಇಮ್ಮಡಿ. ನುರಿತ ಕೈ ಈ ಗತಿಯನ್ನರಿತು ಅದರೊಡನೆಯೇ ಸಾಗುತ್ತದೆ. ಅವಸರಪಡುವವನಿಗೆ ಗೊಂಬೆ ಒಲಿಯದು.

ಅಂದು ರಾತ್ರಿ ಮನೆಮಂದಿಯೆಲ್ಲ ಕುಳಿತು ಭೀಮನ ಆಟ ನೋಡಿದೆವು. ಆಟ ಮುಗಿದ ಮೇಲೆ ಆ ಕಿರಿಯ ಹುಡುಗಿ ಕೇಳಿದಳು: 'ಇವನನ್ನು ಚಂದ್ರನ ಮೇಲೆ ಆಡಿಸಿದರೆ?' ಅಲ್ಲಿಯ ಆಕರ್ಷಣೆ ಇಲ್ಲಿಯದರ ಸುಮಾರು ಆರನೆಯ ಒಂದು ಪಾಲು. ಎತ್ತಿದ ಗದೆ ಕನಸಿನಲ್ಲೆಂಬಂತೆ ಮೆಲ್ಲನೆ ಇಳಿದೀತು; ಕಾಲು ತೂಗುವ ಅವಧಿ ಸುಮಾರು ಎರಡೂವರೆ ಪಟ್ಟು ಬೆಳೆದೀತು. ಏಕೆ ಆರು ಪಟ್ಟಲ್ಲ, ಎರಡೂವರೆಯೇ? ಲೋಲಕದ ಸೂತ್ರವನ್ನು ಕಲಿತಿರುವ ವಾಚಕರು ತಾವೇ ಲೆಕ್ಕ ಹಾಕಿ ನೋಡಲಿ. ಮೊದಲು ಒಂದು ಗೊಂಬೆಯನ್ನು ಮಾಡಿಕೊಂಡರೆ ಇನ್ನೂ ಒಳ್ಳೆಯದು.